ಗುದ್ದಿನ ಆಟಕ್ಕೆ ಒದೆಯ ಪೈಪೋಟಿ

ಪರೀಕ್ಷೆ ಮುಗಿದ ಮರುದಿನವೇ ನಮ್ಮ ಪಕ್ಕದ ಮನೆಯಲ್ಲಿ ಸಣ್ಣದೊಂದು ಕದನ ಶುರುವಾಯಿತು. ಒಂಬತ್ತನೇ ತರಗತಿ ಮುಗಿಸಿದ ಹುಡುಗ ರಜೆಯಲ್ಲಿ ‘ಎಂಎಂಎ’ ಕಲಿಯುತ್ತೇನೆಂದು ಹಟ ಹಿಡಿದಿದ್ದ. ಬಸ್ ಸ್ಟಾಪಿನ ಹಿಂದಿನ ಗೋಡೆಗೆ ಅಂಟಿಸಿದ್ದ ಪೋಸ್ಟರ್ ಅವನ ತಲೆ ಕೆಡಿಸಿತ್ತು. ಕರಾಟೆ, ಕಿಕ್ ಬಾಕ್ಸಿಂಗ್, ಮುಯ್ ಥಾಯ್, ಎಂಎಂಎ ಎಲ್ಲವೂ ಒಂದೇ ಸೂರಿನಡಿ! ಪಟ್ಟಿಯ ತೀರ ಕೆಳಗೆ, ಸಣ್ಣ ಅಕ್ಷರದಲ್ಲಿ, ‘ಬಾಕ್ಸಿಂಗ್’ ಎಂದೂ ಇತ್ತು.

‘ಹೊಡೆದಾಟವನ್ನೇ ಕಲಿಯಬೇಕು ಅಂತಿದ್ದರೆ ಬಾಕ್ಸಿಂಗ್ ಕಲಿಯೋ. ಮಹಮದ್ ಅಲಿ ಯಾರು ಅಂತ ಗೊತ್ತೇನು ನಿನಗೆ?’ ಎಂದರು ಅಪ್ಪ.

‘ಗೊತ್ತಪ್ಪ. ಆದರೆ ಈಗ ಬಾಕ್ಸಿಂಗ್ ಯಾರು ನೋಡ್ತಾರೆ?’ ಎಂದ ಮಗ.

ಅಡುಗೆ ಮನೆಯಿಂದ ಅಮ್ಮನ ತೀರ್ಪು ಬಂತು: ‘ಅದೂ ಬೇಡ, ಇದೂ ಬೇಡ. ತಲೆಗೆ ಏಟು ಬಿದ್ದರೆ ಯಾರು ಹೊಣೆ? ಸುಮ್ಮನೆ ಶಟಲ್ ಆಡು.’

ವ್ಯಾಜ್ಯ ಬಗೆಹರಿಯದೆ ಕೊನೆಗೆ ನನ್ನ ಬಳಿ ಬಂತು. ‘ಪೇಪರಿಗೆ ಬರೆಯುವವರು ನೀವು, ನೀವೇ ಹೇಳಿ ಸಾರ್’ ಎಂದರು ಹುಡುಗನ ತಂದೆ. ತಕ್ಷಣ ಹೇಳಲು ನನಗೂ ಆಗಲಿಲ್ಲ. ಯೋಚಿಸಿದಾಗ, ಮೂವರೂ ಒಂದೇ ವಿಷಯದ ಬಗ್ಗೆ ಜಗಳವಾಡುತ್ತಿಲ್ಲ ಎಂಬುದು ಹೊಳೆಯಿತು. ಅಪ್ಪ ಹೇಳಿದ್ದು ಬಾಕ್ಸಿಂಗ್‌ನ ಹಿರಿಮೆ. ಮಗ ಕೇಳಿದ್ದು ಅದರ ಜನಪ್ರಿಯತೆ. ಅಮ್ಮ ಕೇಳಿದ್ದು ಮಗನ ಕ್ಷೇಮ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿದರೆ ಮಾತ್ರ ಉತ್ತರ ಸಿಕ್ಕೀತು.

ಅಪ್ಪನ ಕಾಲದ ದೊರೆ

ಬಾಕ್ಸಿಂಗ್‌ಗೆ ದೊಡ್ಡ ಇತಿಹಾಸವಿದೆ. ಪ್ರಾಚೀನ ಗ್ರೀಸ್‌ನ ಒಲಿಂಪಿಕ್ಸ್‌ನಲ್ಲಿ ಕ್ರಿ.ಪೂ. 688ರಷ್ಟು ಹಿಂದೆಯೇ ಮುಷ್ಟಿಯುದ್ಧವಿತ್ತು. ಇಂದಿನ ಆಟದ ಅಡಿಪಾಯವಾದ ಕ್ವೀನ್ಸ್‌ಬೆರಿ ನಿಯಮಗಳು ಇಂಗ್ಲೆಂಡಿನಲ್ಲಿ 1867ರಲ್ಲಿ ಪ್ರಕಟವಾದವು. ಕೈಗೆ ಗ್ಲೌಸ್ ತೊಡಬೇಕು, ಒಂದು ಸುತ್ತು ಮೂರು ನಿಮಿಷ, ಕೆಳಗೆ ಬಿದ್ದವನಿಗೆ ಏಳಲು ಹತ್ತು ಎಣಿಸುವಷ್ಟು ಸಮಯ ಎಂಬ ಕಟ್ಟುಪಾಡುಗಳು ಬಂದದ್ದು ಆಗ. ಬೀದಿ ಕಾಳಗ ಹೀಗೆ ಕ್ರೀಡೆಯಾಯಿತು.

ಈ ಕ್ರೀಡೆಯನ್ನು ಲೋಕದ ಮನೆಮನೆಗೆ ಮುಟ್ಟಿಸಿದವರು ಮಹಮದ್ ಅಲಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ, 1964ರಲ್ಲಿ ವಿಶ್ವ ಹೆವಿವೇಟ್ ಪಟ್ಟ. ವಿಯಟ್ನಾಂ ಯುದ್ಧಕ್ಕೆ ಹೋಗಲಾರೆನೆಂದು 1967ರಲ್ಲಿ ಸೇನೆ ಸೇರಲು ನಿರಾಕರಿಸಿ ಆ ಪಟ್ಟವನ್ನೇ ಕಳೆದುಕೊಂಡರು. 1974ರ ಅಕ್ಟೋಬರಿನಲ್ಲಿ ಆಫ್ರಿಕದ ಕಿನ್‌ಶಾಸದಲ್ಲಿ ಜಾರ್ಜ್ ಫೋರ್‌ಮನ್‌ರನ್ನು ಕೆಡವಿ ಅದನ್ನು ಮರಳಿ ಪಡೆದರು. ಬಾಕ್ಸಿಂಗ್ ಅಂದರೇನೆಂದು ಅರಿಯದವರಿಗೂ ಅಲಿ ಗೊತ್ತಿದ್ದರು. 1980ರಲ್ಲಿ ಅವರು ಮದ್ರಾಸಿಗೆ ಬಂದು ಪ್ರದರ್ಶನ ಪಂದ್ಯ ಆಡಿದಾಗ ನೋಡಲು ನೆರೆದವರೆಲ್ಲ ಬಾಕ್ಸಿಂಗ್ ಬಲ್ಲವರೇನಲ್ಲ.

ಅಲಿಯ ನಂತರ ಮೈಕ್ ಟೈಸನ್. 1986ರಲ್ಲಿ ಕೇವಲ 20ರ ವಯಸ್ಸಿನಲ್ಲಿ ಹೆವಿವೇಟ್ ಚಾಂಪಿಯನ್ ಆದ ಈತನ ಪಂದ್ಯಗಳು ಕೆಲವೊಮ್ಮೆ ನೋಡುವವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಮುಗಿದುಬಿಡುತ್ತಿದ್ದವು. 1997ರಲ್ಲಿ ಇವಾಂಡರ್ ಹೋಲಿಫೀಲ್ಡ್‌ರ ಕಿವಿ ಕಚ್ಚಿದ ಸುದ್ದಿ ನಮ್ಮೂರ ಕಾಫಿ ಹೋಟೆಲುಗಳಲ್ಲೂ ಚರ್ಚೆಯಾಗಿತ್ತು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಬಾಕ್ಸಿಂಗ್ ಆಗ ಎಲ್ಲರ ಬಾಯಲ್ಲಿತ್ತು. ಇಂದು ಹೆವಿವೇಟ್ ಚಾಂಪಿಯನ್ ಯಾರೆಂದು ಹತ್ತು ಮಂದಿ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಮೌನವೇ ಹೆಚ್ಚಿನವರ ಉತ್ತರವಾದೀತು. ಈ ಮಟ್ಟಿಗೆ ಹುಡುಗನ ಮಾತು ನಿಜ.

ಒಂದೇ ಗ್ಲೌಸಿನ ಬಾಕ್ಸರ್

ಈ ಬದಲಾವಣೆಗೆ ಒಂದು ವರ್ಷವನ್ನು ಗುರುತಾಗಿ ಹೇಳುವುದಾದರೆ ಅದು 1993. ಆ ವರ್ಷ ಜಪಾನಿನಲ್ಲಿ ‘ಕೆ-1’ ಎಂಬ ಕಿಕ್ ಬಾಕ್ಸಿಂಗ್ ಪಂದ್ಯಾವಳಿ ಆರಂಭವಾಯಿತು. ನವೆಂಬರಿನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಯುಎಫ್‌ಸಿ ಎಂಬ ಹೊಸ ಬಗೆಯ ಸೆಣಸಾಟ ನಡೆಯಿತು. ಕರಾಟೆಯವನೂ ಕುಸ್ತಿಯವನೂ ಬಾಕ್ಸರನೂ ಎದುರುಬದುರಾದರೆ ಗೆಲ್ಲುವವರು ಯಾರು? ಶಾಲಾ ಮಕ್ಕಳು ಊಟದ ಬಿಡುವಿನಲ್ಲಿ ಕೇಳಿಕೊಳ್ಳುವ ಈ ಪ್ರಶ್ನೆಗೆ ಉತ್ತರ ತೋರಿಸುವುದೇ ಅದರ ಆಕರ್ಷಣೆ. ಕಚ್ಚಬಾರದು, ಕಣ್ಣಿಗೆ ಬೆರಳಿಡಬಾರದು ಎಂಬುದನ್ನು ಬಿಟ್ಟರೆ ನಿಯಮಗಳೇ ಇರಲಿಲ್ಲ ಎನ್ನಬೇಕು.

ಎಂಟು ಮಂದಿಯ ಆ ಸ್ಪರ್ಧೆಯಲ್ಲಿ ಆರ್ಟ್ ಜಿಮರ್ಸನ್ ಎಂಬ ಬಾಕ್ಸರ್ ಒಂದು ಕೈಗೆ ಮಾತ್ರ ಗ್ಲೌಸ್ ತೊಟ್ಟು ಬಂದರು. ಎದುರಾಳಿ ಬ್ರೆಜಿಲ್‌ನ ರಾಯ್ಸ್ ಗ್ರೇಸಿ ಸುಮಾರು 80 ಕಿಲೋ ತೂಗುವ, ನೋಡಲು ಸಾಧಾರಣ ಮೈಕಟ್ಟಿನ ಯುವಕ. ಗ್ರೇಸಿ ಬಾಕ್ಸರ್‌ನನ್ನು ನೆಲಕ್ಕೆ ಕೆಡವಿ ಮೇಲೆ ಕುಳಿತದ್ದೇ ತಡ, ಏನು ಮಾಡಬೇಕೆಂದು ತೋಚದೆ ಜಿಮರ್ಸನ್ ಸೋಲೊಪ್ಪಿಕೊಂಡರು. ಎರಡೂವರೆ ನಿಮಿಷವೂ ಹಿಡಿಯಲಿಲ್ಲ. ಗ್ರೇಸಿ ಆ ರಾತ್ರಿ ಎಲ್ಲರನ್ನೂ ಗೆದ್ದರು. ನಿಂತು ಗುದ್ದುವುದನ್ನಷ್ಟೇ ಕಲಿತವನು ನೆಲಕ್ಕೆ ಬಿದ್ದರೆ ನಿಸ್ಸಹಾಯಕ ಎಂಬುದು ಲೋಕಕ್ಕೆ ಕಂಡಿತು. ಗರಡಿಯಲ್ಲಿ ಮಣ್ಣು ಮೆತ್ತಿಕೊಂಡ ನಮ್ಮ ಪೈಲ್ವಾನರಿಗೆ ಇದು ಹೊಸ ಸಂಗತಿಯೇನಲ್ಲ ಬಿಡಿ.

ಮೊದಲಿಗೆ ಈ ಹೊಸ ಆಟಕ್ಕೆ ವಿರೋಧ ಜೋರಾಗಿತ್ತು. ಅಮೆರಿಕದ ಹಲವು ರಾಜ್ಯಗಳು ನಿಷೇಧಿಸಿದವು. ನ್ಯೂಯಾರ್ಕ್ ರಾಜ್ಯ ಬಾಗಿಲು ತೆರೆದದ್ದು 2016ರಲ್ಲಷ್ಟೇ. ಆದರೆ ಆಟ ತನ್ನನ್ನು ತಿದ್ದಿಕೊಂಡಿತು. ತೂಕದ ವಿಭಾಗಗಳು ಬಂದವು, ಸುತ್ತುಗಳು ಬಂದವು, ನಿಷಿದ್ಧ ಪಟ್ಟುಗಳ ಪಟ್ಟಿ ಬೆಳೆಯಿತು. ‘ಮಿಶ್ರ ಸಮರಕಲೆ’ ಅಥವಾ ಎಂಎಂಎ ಎಂಬ ಹೆಸರು ನೆಲೆ ನಿಂತಿತು. 2001ರಲ್ಲಿ ಯುಎಫ್‌ಸಿಯನ್ನು ಇಬ್ಬರು ಸೋದರರು 20 ಲಕ್ಷ ಡಾಲರಿಗೆ ಕೊಂಡರು. 2016ರಲ್ಲಿ ಅದೇ ಸಂಸ್ಥೆ ಸುಮಾರು 400 ಕೋಟಿ ಡಾಲರಿಗೆ ಮಾರಾಟವಾಯಿತು. 2025ರ ಆಗಸ್ಟ್‌ನಲ್ಲಿ ಏಳು ವರ್ಷಗಳ ಪ್ರಸಾರ ಹಕ್ಕು 770 ಕೋಟಿ ಡಾಲರಿಗೆ ಹೋಯಿತು. ಜನ ನೋಡದ ಆಟಕ್ಕೆ ಯಾರೂ ಇಷ್ಟು ಹಣ ಸುರಿಯುವುದಿಲ್ಲ.

ಮನೆಯೊಳಗಿನ ಶತ್ರು

ಹಾಗಾದರೆ ಬಾಕ್ಸಿಂಗ್‌ನ ಅನ್ನವನ್ನು ಎಂಎಂಎ ಕಸಿದುಕೊಂಡಿತೆ? ಅಷ್ಟು ಸರಳವಾಗಿ ಹೇಳಲು ಬರುವುದಿಲ್ಲ. ಬಾಕ್ಸಿಂಗ್‌ಗೆ ಬಿದ್ದ ಹೆಚ್ಚಿನ ಪೆಟ್ಟುಗಳು ಅದು ತನಗೆ ತಾನೇ ಕೊಟ್ಟುಕೊಂಡವು.

ಮೊದಲನೆಯದು ಚಾಂಪಿಯನ್ನರ ಸಂತೆ. ಹಿಂದೆ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಎಂಟು ತೂಕದ ವಿಭಾಗಗಳಿದ್ದವು, ವಿಭಾಗಕ್ಕೊಬ್ಬ ವಿಶ್ವ ಚಾಂಪಿಯನ್. ಈಗ ವಿಭಾಗಗಳು 17. ವಿಶ್ವ ಪಟ್ಟ ಕೊಡುವ ಪ್ರಮುಖ ಸಂಸ್ಥೆಗಳು ನಾಲ್ಕು. ಲೆಕ್ಕ ಹಾಕಿದರೆ ಏಕಕಾಲಕ್ಕೆ 68 ಮಂದಿ ‘ವಿಶ್ವ ಚಾಂಪಿಯನ್’ ಆಗಿರಬಹುದು! ಹೆವಿವೇಟ್‌ನ ಪಟ್ಟಗಳೆಲ್ಲ 1999ರಲ್ಲಿ ಲೆನಾಕ್ಸ್ ಲೂಯಿಸ್ ಬಳಿ ಒಂದುಗೂಡಿದ ಮೇಲೆ ಮತ್ತೆ ಒಬ್ಬನ ಸೊಂಟ ಸೇರಿದ್ದು 2024ರ ಮೇ ತಿಂಗಳಲ್ಲಿ, ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಟೈಸನ್ ಫ್ಯೂರಿಯನ್ನು ಸೋಲಿಸಿದಾಗ. ನಡುವೆ ಕಾಲು ಶತಮಾನ ಕಳೆಯಿತು. ಯಾರು ದೊರೆಯೆಂದೇ ತಿಳಿಯದ ರಾಜ್ಯಕ್ಕೆ ಪ್ರಜೆಗಳು ಉಳಿಯುವುದು ಹೇಗೆ?

ಎರಡನೆಯದು ದುಡ್ಡಿನ ಗೋಡೆ. ದೊಡ್ಡ ಪಂದ್ಯಗಳೆಲ್ಲ ಅಮೆರಿಕದಲ್ಲಿ ಪ್ರತ್ಯೇಕ ಹಣ ಕೊಟ್ಟು ನೋಡುವ ಟಿ.ವಿ. ವ್ಯವಸ್ಥೆಗೆ ಹೋದವು. 2017ರ ಆಗಸ್ಟ್‌ನಲ್ಲಿ ಬಾಕ್ಸರ್ ಫ್ಲಾಯ್ಡ್ ಮೇವೆದರ್ ಮತ್ತು ಎಂಎಂಎ ತಾರೆ ಕಾನರ್ ಮೆಕ್‌ಗ್ರೆಗರ್ ನಡುವೆ ಬಾಕ್ಸಿಂಗ್ ನಿಯಮಗಳಲ್ಲೇ ನಡೆದ ಪಂದ್ಯವನ್ನು ಒಂದು ಮನೆಯವರು ನೋಡಲು ಸುಮಾರು 100 ಡಾಲರ್ ತೆರಬೇಕಿತ್ತು. ಹತ್ತನೇ ಸುತ್ತಿನಲ್ಲಿ ಮೇವೆದರ್ ಗೆದ್ದರು, ಇಬ್ಬರೂ ಕೋಟಿ ಕೋಟಿ ಎಣಿಸಿದರು. ಆದರೆ ಅಪ್ಪನ ಪಕ್ಕ ಕುಳಿತು ಪುಕ್ಕಟೆಯಾಗಿ ಪಂದ್ಯ ನೋಡುತ್ತ ಬೆಳೆಯುವ ಮಗುವನ್ನು ಬಾಕ್ಸಿಂಗ್ ಕಳೆದುಕೊಂಡಿತು.

ಮೂರನೆಯದು ನಂಬಿಕೆ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಸ್ಪಷ್ಟ ಮೇಲುಗೈ ಸಾಧಿಸಿದರೂ ಚಿನ್ನ ಆತಿಥೇಯ ಕೊರಿಯದ ಸ್ಪರ್ಧಿಯ ಕೊರಳಿಗೆ ಬಿತ್ತು. 2016ರ ರಿಯೊ ಒಲಿಂಪಿಕ್ಸ್‌ನ ತೀರ್ಪುಗಳು ಎಷ್ಟು ಗಬ್ಬೆದ್ದವೆಂದರೆ, ಅಲ್ಲಿ ಕೆಲಸ ಮಾಡಿದ 36 ರೆಫರಿ ಮತ್ತು ತೀರ್ಪುಗಾರರಲ್ಲಿ ಯಾರೊಬ್ಬರನ್ನೂ ಟೋಕಿಯೊ ಒಲಿಂಪಿಕ್ಸ್‌ಗೆ ಸೇರಿಸಿಕೊಳ್ಳಲಿಲ್ಲ. ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಯನ್ನು ಒಲಿಂಪಿಕ್ ಸಮಿತಿ 2019ರಲ್ಲಿ ಅಮಾನತು ಮಾಡಿತು, 2023ರ ಜೂನ್‌ನಲ್ಲಿ ಮಾನ್ಯತೆಯನ್ನೇ ಕಿತ್ತುಕೊಂಡಿತು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ ಮೊದಲ ಪಟ್ಟಿಯಲ್ಲಿ ಬಾಕ್ಸಿಂಗ್ ಹೆಸರೇ ಇರಲಿಲ್ಲ! ‘ವರ್ಲ್ಡ್ ಬಾಕ್ಸಿಂಗ್’ ಎಂಬ ಹೊಸ ಸಂಸ್ಥೆಗೆ ತಾತ್ಕಾಲಿಕ ಮಾನ್ಯತೆ ದೊರೆತ ಮೇಲೆ, 2025ರ ಮಾರ್ಚ್‌ನಲ್ಲಿ ಕೊನೆಗೂ ಅದನ್ನು ಸೇರಿಸಲಾಯಿತು. ಒದೆಯುವ ಆಟಗಳು ಬಾಕ್ಸಿಂಗ್‌ಗೆ ಇಷ್ಟು ದೊಡ್ಡ ಗಂಡಾಂತರ ತಂದಿರಲಿಲ್ಲ.

ಇಷ್ಟಾದರೂ ಆಟ ಸತ್ತಿದೆಯೇ ಎಂದರೆ, ಇಲ್ಲ. 2017ರ ಏಪ್ರಿಲ್‌ನಲ್ಲಿ ಆಂಥೊನಿ ಜೋಶುವಾ ಮತ್ತು ವ್ಲಾಡಿಮಿರ್ ಕ್ಲಿಚ್ಕೊ ಪಂದ್ಯಕ್ಕೆ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 90 ಸಾವಿರ ಮಂದಿ ಸೇರಿದ್ದರು. 2022ರ ಏಪ್ರಿಲ್‌ನಲ್ಲಿ ಕೇಟಿ ಟೇಲರ್ ಮತ್ತು ಅಮಾಂಡ ಸೆರಾನೊ ಎಂಬ ಇಬ್ಬರು ಮಹಿಳೆಯರ ಪಂದ್ಯಕ್ಕೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಟಿಕೆಟುಗಳೆಲ್ಲ ಖಾಲಿಯಾದವು. ತಮಾಷೆಯ ಸಂಗತಿಯೆಂದರೆ, ಯುಎಫ್‌ಸಿಯ ಒಡೆತನದ ಕಂಪನಿಯೇ 2025ರಲ್ಲಿ ಸೌದಿ ಪಾಲುದಾರರ ಜೊತೆಗೂಡಿ ಬಾಕ್ಸಿಂಗ್ ಪಂದ್ಯಗಳನ್ನು ಏರ್ಪಡಿಸುವ ವ್ಯಾಪಾರಕ್ಕೆ ಕೈ ಹಾಕಿತು. ಮುಳುಗುವ ಹಡಗನ್ನು ಪ್ರತಿಸ್ಪರ್ಧಿ ಕೊಳ್ಳುತ್ತಾನೆಯೆ?

ಚಿಂತೆಯಿರುವುದು ಬೇರೆ ಕಡೆ. 2024ರ ನವೆಂಬರಿನಲ್ಲಿ 58 ವರ್ಷದ ಮೈಕ್ ಟೈಸನ್, ಅಂತರ್ಜಾಲದ ವಿಡಿಯೊಗಳಿಂದ ಹೆಸರಾದ 27ರ ಜೇಕ್ ಪಾಲ್ ಎದುರು ರಿಂಗಿಗಿಳಿದರು. 10 ಕೋಟಿಗೂ ಹೆಚ್ಚು ಮಂದಿ ನೋಡಿದರೆಂದು ಪ್ರಸಾರ ಮಾಡಿದ ನೆಟ್‌ಫ್ಲಿಕ್ಸ್ ಹೇಳಿಕೊಂಡಿತು. ಅಜ್ಜನಾಗುವ ವಯಸ್ಸಿನವನ ಕಾಲೆಳೆದಾಟವನ್ನು ಕೋಟಿಗಟ್ಟಲೆ ಜನ ನೋಡಿದರೆ ಅದು ಆಟದ ಜನಪ್ರಿಯತೆಯೋ, ಜಾತ್ರೆಯ ಜನಪ್ರಿಯತೆಯೋ?

ನಮ್ಮ ದೇಶದ ಲೆಕ್ಕವೇ ಬೇರೆ

ಅಮೆರಿಕದಲ್ಲಿ ಜನಪ್ರಿಯತೆ ಎಂದರೆ ಎಷ್ಟು ಮಂದಿ ದುಡ್ಡು ಕೊಟ್ಟು ನೋಡಿದರು ಎಂಬ ಲೆಕ್ಕ. ನಮ್ಮಲ್ಲಿ ಬಾಕ್ಸಿಂಗ್ ಎಂದೂ ನೋಡುವವರ ಆಟವಾಗಿರಲಿಲ್ಲ. ಅದು ಆಡುವವರ ಆಟ. ಸೈನ್ಯದ ಬ್ಯಾರಕ್‌ಗಳಲ್ಲಿ, ರೈಲ್ವೆ ಮೈದಾನಗಳಲ್ಲಿ, ಹರಿಯಾಣ ಮತ್ತು ಮಣಿಪುರದ ಹಳ್ಳಿಗಳಲ್ಲಿ ಬೆಳೆದದ್ದು. ಸೇನೆಯ ಹವಾ ಸಿಂಗ್ 1966 ಮತ್ತು 1970ರ ಏಷ್ಯನ್ ಕ್ರೀಡಾಕೂಟಗಳೆರಡರಲ್ಲೂ ಹೆವಿವೇಟ್ ಚಿನ್ನ ಗೆದ್ದರು. ನಿವೃತ್ತಿಯ ನಂತರ ಹರಿಯಾಣದ ಭಿವಾನಿಯಲ್ಲಿ ಹುಡುಗರನ್ನು ತಿದ್ದಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಐವರು ಭಾರತೀಯ ಬಾಕ್ಸರ್‌ಗಳಲ್ಲಿ ನಾಲ್ವರು ಭಿವಾನಿಯವರು. ಅವರಲ್ಲೊಬ್ಬರಾದ ವಿಜೇಂದರ್ ಸಿಂಗ್ ಕಂಚು ತಂದರು.

ಮಣಿಪುರದ ಡಿಂಕೊ ಸಿಂಗ್ 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗ ಅದೇ ರಾಜ್ಯದ ಬಡ ಕೃಷಿಕರ ಮಗಳೊಬ್ಬಳು ಅಥ್ಲೆಟಿಕ್ಸ್ ಬಿಟ್ಟು ಗ್ಲೌಸ್ ತೊಡುವ ಮನಸ್ಸು ಮಾಡಿದಳು. ತಂದೆಗೆ ಹೇಳಲಿಲ್ಲ. 2000ರಲ್ಲಿ ರಾಜ್ಯ ಮಟ್ಟದಲ್ಲಿ ಗೆದ್ದು ಪತ್ರಿಕೆಯಲ್ಲಿ ಫೋಟೊ ಬಂದಾಗಲೇ ತಂದೆಗೆ ಮಗಳ ಗುಟ್ಟು ತಿಳಿದದ್ದು. ಆಕೆಯೇ ಆರು ಬಾರಿ ವಿಶ್ವ ಚಾಂಪಿಯನ್ ಆಗಿ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಮೇರಿ ಕೋಮ್.

ಇಲ್ಲೂ ಬಾಕ್ಸಿಂಗ್‌ಗೆ ಹೊಡೆತ ಬಿದ್ದದ್ದು ಹೊರಗಿನಿಂದಲ್ಲ. 2012ರ ಡಿಸೆಂಬರಿನಲ್ಲಿ ಚುನಾವಣೆಯ ಗೊಂದಲದಿಂದಾಗಿ ನಮ್ಮ ರಾಷ್ಟ್ರೀಯ ಸಂಸ್ಥೆ ಅಮಾನತಾಯಿತು. ಈಗಿನ ಫೆಡರೇಷನ್ ರೂಪುಗೊಂಡದ್ದು 2016ರಲ್ಲಿ. ಲಂಡನ್‌ಗೆ ಎಂಟು ಬಾಕ್ಸರ್‌ಗಳು ಹೋಗಿದ್ದರು. ರಿಯೊಗೆ ಹೋದವರು ಮೂವರೇ. ಕುರ್ಚಿಗಾಗಿ ಹಿರಿಯರು ಕಿತ್ತಾಡಿದರೆ ಕಿರಿಯರ ನಾಲ್ಕು ವರ್ಷ ಹೋಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮತ್ತೆ ಚೇತರಿಕೆ ಬಂತು. ತೆಲಂಗಾಣದ ನಿಖತ್ ಜರೀನ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆರು ಮಂದಿಯೂ ಬರಿಗೈಯಲ್ಲಿ ಮರಳಿದ್ದು ನಿಜ. ಆದರೆ ಮರು ವರ್ಷ ಲಿವರ್‌ಪೂಲ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೈಸ್ಮಿನ್ ಲಂಬೋರಿಯಾ ಮತ್ತು ಮೀನಾಕ್ಷಿ ಹೂಡಾ ಚಿನ್ನ ಗೆದ್ದರು. ಇದುವರೆಗೆ ಒಲಿಂಪಿಕ್ಸ್‌ನಲ್ಲಿ ಭಾರತದ ಬಾಕ್ಸಿಂಗ್ ಪದಕಗಳು ಮೂರು, ಕುಸ್ತಿಯವು ಎಂಟು. ನಮ್ಮಲ್ಲಿ ಬಾಕ್ಸಿಂಗ್‌ಗೆ ನಿಜವಾದ ಪ್ರತಿಸ್ಪರ್ಧಿ ಯಾರಾದರೂ ಇದ್ದರೆ ಅದು ಎಂಎಂಎ ಅಲ್ಲ, ಅಜ್ಜಂದಿರ ಕಾಲದ ಕುಸ್ತಿಯೇ.

ಒಂದರ ಬೆನ್ನ ಮೇಲೆ ಇನ್ನೊಂದು

ಈ ಕ್ರೀಡೆಗಳನ್ನು ದಾಯಾದಿಗಳೆಂದು ಭಾವಿಸುವುದೇ ತಪ್ಪೆಂದು ತೋರಿಸಿಕೊಟ್ಟವರು ಅಸ್ಸಾಮಿನ ಲವ್ಲಿನಾ ಬೊರ್ಗೊಹೈನ್. ಅವಳಿ ಅಕ್ಕಂದಿರನ್ನು ನೋಡಿ ಲವ್ಲಿನಾ ಮೊದಲು ಕಲಿತದ್ದು ಕೈಯಲ್ಲಿ ಗುದ್ದಿ ಕಾಲಲ್ಲಿ ಒದೆಯುವ ಮುಯ್ ಥಾಯ್. ತಂದೆ ತಂದ ಸಿಹಿಯ ಪೊಟ್ಟಣ ಕಟ್ಟಿದ್ದ ಹಳೆಯ ಪತ್ರಿಕೆಯಲ್ಲಿ ಮಹಮದ್ ಅಲಿಯ ಬಗ್ಗೆ ಓದಿದ್ದು ಆಕೆಗೆ ಬಾಕ್ಸಿಂಗ್‌ನ ಮೊದಲ ಪರಿಚಯವಂತೆ. ಭಾರತೀಯ ಕ್ರೀಡಾ ಪ್ರಾಧಿಕಾರದವರು ಆಕೆಯ ಶಾಲೆಯಲ್ಲಿ ಆಯ್ಕೆ ಪರೀಕ್ಷೆ ನಡೆಸಿದಾಗ ತರಬೇತುದಾರ ಪದುಮ್ ಬೋರೊ ಕಣ್ಣಿಗೆ ಬಿದ್ದ ಹುಡುಗಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಕಂಚು ಗೆದ್ದಳು. ಒದೆಯುವ ಆಟ ಇಲ್ಲಿ ಗುದ್ದುವ ಆಟಕ್ಕೆ ಒಬ್ಬ ತಾರೆಯನ್ನು ಕೊಟ್ಟಿತು.

ಎದುರು ದಿಕ್ಕಿನ ಪಯಣವೂ ಇದೆ. ಹರಿಯಾಣದ ಪ್ರಸಿದ್ಧ ಫೋಗಟ್ ಸೋದರಿಯರಲ್ಲಿ ಒಬ್ಬರಾದ ರಿತು ಕುಸ್ತಿ ಬಿಟ್ಟು 2019ರಲ್ಲಿ ಎಂಎಂಎಗೆ ಬಂದರು. ವುಶು ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಉತ್ತರ ಪ್ರದೇಶದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಯುಎಫ್‌ಸಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಇವರಾರೂ ನೇರವಾಗಿ ಎಂಎಂಎ ಕಲಿತು ಮೇಲೆ ಬಂದವರಲ್ಲ. ಒಂದು ಆಟವನ್ನು ವರ್ಷಗಟ್ಟಲೆ ಮೈಗೂಡಿಸಿಕೊಂಡ ಮೇಲೆ ಇನ್ನೊಂದಕ್ಕೆ ಕಾಲಿಟ್ಟವರು. ರಜೆಯ ಎರಡು ತಿಂಗಳಲ್ಲಿ ಐದು ಕಲೆ ಕಲಿಸುತ್ತೇವೆನ್ನುವ ಪೋಸ್ಟರ್ ಓದುವಾಗ ಇದು ನೆನಪಿರಲಿ.

ನಮ್ಮ ನಾಡಿಗೂ ಸೆಣಸಾಟ ಹೊಸದಲ್ಲ. ದಸರೆಯ ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ತಲೆ ಬೋಳಿಸಿ, ಮುಷ್ಟಿಗೆ ಆಯುಧ ತೊಟ್ಟು ಎದುರಾಗುವ ಕಾಳಗ ಒಬ್ಬನ ತಲೆಯಿಂದ ಮೊದಲ ರಕ್ತದ ಹನಿ ಚಿಮ್ಮಿದ ಕೂಡಲೆ ನಿಲ್ಲುತ್ತದೆ. ಅಷ್ಟು ಉಗ್ರವಾದ ಆಚರಣೆಗೂ ಹಿರಿಯರು ‘ಸಾಕು’ ಎನ್ನುವ ಗೆರೆಯೊಂದನ್ನು ಎಳೆದಿದ್ದರು. ಮುಂದೆ ಬ್ರೂಸ್ ಲೀಯ 1973ರ ‘ಎಂಟರ್ ದ ಡ್ರ್ಯಾಗನ್’ ಬಂತು, ಕನ್ನಡದಲ್ಲಿ ಶಂಕರ್ ನಾಗ್ ‘ಕರಾಟೆ ಕಿಂಗ್’ ಎನಿಸಿಕೊಂಡರು, ಶಾಲೆಯ ಮೈದಾನಗಳಲ್ಲಿ ಬಿಳಿ ಅಂಗಿಯ ಸಾಲುಗಳು ಕಂಡವು. ಆಗ ಗರಡಿ ಮನೆಯ ಹಿರಿಯರೂ ‘ಈಗಿನ ಹುಡುಗರಿಗೆ ಕುಸ್ತಿ ಬೇಡವಾಗಿದೆ’ ಎಂದೇ ನಿಟ್ಟುಸಿರು ಬಿಟ್ಟಿದ್ದರು. ಫ್ಯಾಷನ್ ಬದಲಾಗುತ್ತದೆ. ಹುಡುಗನೊಬ್ಬನಿಗೆ ತನ್ನ ಮೈಯ ಕಸುವನ್ನು ಅಳೆದು ನೋಡಬೇಕೆನಿಸುವ ವಯಸ್ಸು ಬದಲಾಗುವುದಿಲ್ಲ.

ಅಮ್ಮನ ಪ್ರಶ್ನೆ

ಇನ್ನು ಅಡುಗೆ ಮನೆಯಿಂದ ಬಂದ ಪ್ರಶ್ನೆ. ಮೂರರಲ್ಲಿ ಅದೇ ದೊಡ್ಡದು.

ಅಮೆರಿಕದ ಕಾಲೇಜುಗಳಲ್ಲಿ ಬಾಕ್ಸಿಂಗ್ ಒಂದು ಕಾಲಕ್ಕೆ ಬಹಳ ಮೆರೆದಿತ್ತು. 1960ರ ಅಂತರ ಕಾಲೇಜು ಫೈನಲ್‌ನಲ್ಲಿ ಪೆಟ್ಟು ತಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲಿ ಮೋರ್ ಎಂಬ ವಿದ್ಯಾರ್ಥಿ ಕೆಲ ದಿನಗಳಲ್ಲಿ ತೀರಿಕೊಂಡ. ಆ ಪಂದ್ಯಾವಳಿ ಮತ್ತೆಂದೂ ನಡೆಯಲಿಲ್ಲ. 1982ರಲ್ಲಿ ದಕ್ಷಿಣ ಕೊರಿಯದ ಕಿಮ್ ಡುಕ್ ಕೂ ಸಾವಿನ ನಂತರ ವಿಶ್ವ ಪಟ್ಟದ ಪಂದ್ಯಗಳನ್ನು 15 ಸುತ್ತುಗಳಿಂದ 12ಕ್ಕೆ ಇಳಿಸುವ ಕ್ರಮ ಆರಂಭವಾಯಿತು. ಪದೇ ಪದೇ ತಲೆಗೆ ಗುದ್ದು ತಿಂದವರಲ್ಲಿ ನಡೆ ತೊಡರುವುದು, ಮಾತು ತೊದಲುವುದು, ಮರೆವು ಬರುವುದನ್ನು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ 1928ರಷ್ಟು ಹಿಂದೆಯೇ ದಾಖಲಿಸಿದ್ದರು.

ಹಾಗಾದರೆ ಎಂಎಂಎ ಮೇಲೋ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವೈದ್ಯರು ಪಂದ್ಯ ಮುಗಿದ ಮೇಲೆ ನಡೆಸಿದ ತಪಾಸಣೆಗಳ ಹತ್ತು ವರ್ಷಗಳ ದಾಖಲೆ ನೋಡಿದರು. ಒಟ್ಟಾರೆ ಗಾಯಗಳು ಎಂಎಂಎಯಲ್ಲೇ ಹೆಚ್ಚು. ಅಲ್ಲಿ ನೂರಕ್ಕೆ ಸುಮಾರು 59 ಮಂದಿಗೆ ಗಾಯ, ಬಾಕ್ಸಿಂಗ್‌ನಲ್ಲಿ ಸುಮಾರು 50 ಮಂದಿಗೆ. ಆದರೆ ಪ್ರಜ್ಞೆ ತಪ್ಪುವ ಪ್ರಮಾಣ ಬಾಕ್ಸಿಂಗ್‌ನಲ್ಲಿ ನೂರಕ್ಕೆ 7, ಎಂಎಂಎಯಲ್ಲಿ 4. ಕಾರಣ ಊಹಿಸುವುದು ಕಷ್ಟವಲ್ಲ. ಎಂಎಂಎಯಲ್ಲಿ ಕೆಡವಿ ಪಟ್ಟು ಹಾಕಿಯೂ ಗೆಲ್ಲಬಹುದು. ಬಾಕ್ಸಿಂಗ್‌ನಲ್ಲಿ ಗುರಿಯೆಂದರೆ ಮುಖ್ಯವಾಗಿ ತಲೆ. ಕೆಳಗೆ ಬಿದ್ದವನು ಎಣಿಕೆಯೊಳಗೆ ಎದ್ದು ಮತ್ತೆ ಗುದ್ದು ತಿನ್ನುತ್ತಾನೆ. ಒಂದರಲ್ಲಿ ಕಣ್ಣಿಗೆ ಕಾಣುವ ಗಾಯ ಜಾಸ್ತಿ, ಇನ್ನೊಂದರಲ್ಲಿ ಕಾಣದ್ದು. ಇವು ವೃತ್ತಿಪರರ ಲೆಕ್ಕ, ಶಾಲಾ ಮಕ್ಕಳ ಲೆಕ್ಕವಲ್ಲ ಎಂಬುದನ್ನೂ ಮರೆಯಬಾರದು. ತಲೆಗೆ ರಕ್ಷಾಕವಚ ತೊಟ್ಟರೆ ಸಾಕು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅದು ಚರ್ಮ ಸೀಳುವುದನ್ನು ತಡೆಯುತ್ತದೆ, ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನಲ್ಲ.

ದೂರದ ಮಾತು ಬೇಡ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್ ಬಾಕ್ಸಿಂಗ್ ಪಂದ್ಯವೊಂದರಲ್ಲಿ ಹೊಡೆತ ತಿಂದು ಕುಸಿದ ಯುವಕನೊಬ್ಬ ಕೆಲವೇ ದಿನಗಳಲ್ಲಿ ಅಸುನೀಗಿದ. ಸ್ಥಳದಲ್ಲಿ ವೈದ್ಯರಾಗಲಿ ಆಂಬುಲೆನ್ಸ್ ಆಗಲಿ ಇರಲಿಲ್ಲವೆಂದು ಮನೆಯವರು ಸಂಕಟದಿಂದ ದೂರಿದ್ದರು. ಆ ಮನೆಗೆ ಬಾಕ್ಸಿಂಗ್ ಜನಪ್ರಿಯವೋ ಕಿಕ್ ಬಾಕ್ಸಿಂಗ್ ಜನಪ್ರಿಯವೋ ಎಂಬ ಚರ್ಚೆಯಿಂದ ಆಗಬೇಕಾದದ್ದೇನು?

ಪೆಟ್ಟಿನಷ್ಟೇ ಅಪಾಯಕಾರಿ ಇನ್ನೊಂದಿದೆ. ಪಂದ್ಯಕ್ಕೆ ಮುನ್ನ ನೀರು ಬಿಟ್ಟು, ಬೆವರು ಸುರಿಸಿ ತೂಕ ಇಳಿಸುವ ಚಾಳಿ. 2015ರ ಡಿಸೆಂಬರಿನಲ್ಲಿ ಚೀನದ ಎಂಎಂಎ ಪಟು ಯಾಂಗ್ ಜಿಯಾನ್ ಬಿಂಗ್ ಹೀಗೆ ತೂಕ ಇಳಿಸಲು ಹೋಗಿ ಸತ್ತರು. ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಬರೀ 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡದ್ದನ್ನು ದೇಶವೇ ಕಂಡಿತು. ಬೆಳೆಯುವ ವಯಸ್ಸಿನ ಮಕ್ಕಳಿಗೆ ಈ ಪದ್ಧತಿ ಸರ್ವಥಾ ಸಲ್ಲದು.

ಮೆಟ್ಟಿಲು ಇದೆಯೆ?

ಪಾಲಕರು ಕೇಳಬೇಕಾದ ಮತ್ತೊಂದು ಮಾತು: ಈ ದಾರಿ ಎಲ್ಲಿಗೆ ಹೋಗುತ್ತದೆ? ಬಾಕ್ಸಿಂಗ್, ಕುಸ್ತಿ, ಜೂಡೊ, ಟೇಕ್ವಾಂಡೊ ಒಲಿಂಪಿಕ್ಸ್‌ನಲ್ಲಿವೆ. ಶಾಲೆ, ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಒಂದೊಂದೇ ಮೆಟ್ಟಿಲು ಹತ್ತಬಹುದು. ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾದ ಕೆಲಸಗಳಿವೆ. ಲವ್ಲಿನಾ ಮತ್ತು ನಿಖತ್ ಇಬ್ಬರೂ ಡಿವೈಎಸ್‌ಪಿ ದರ್ಜೆಯ ಪೊಲೀಸ್ ಹುದ್ದೆ ಪಡೆದವರು. ಕರಾಟೆ ಟೋಕಿಯೊದಲ್ಲಿ ಒಮ್ಮೆ ಮಾತ್ರ ಒಲಿಂಪಿಕ್ಸ್ ಕಂಡಿತು. ಎಂಎಂಎ ಅಲ್ಲಿಗೆ ಇನ್ನೂ ಕಾಲಿಟ್ಟಿಲ್ಲ.

ಎಂಎಂಎಯಲ್ಲಿ ಹಣವಿದೆಯಲ್ಲ ಎನ್ನಬಹುದು. ಇದೆ, ಆದರೆ ಮೇಲಿನ ಕೆಲವರಿಗೆ. ಸ್ಪರ್ಧಿಗಳ ಸಂಭಾವನೆಯನ್ನು ಅನ್ಯಾಯವಾಗಿ ತಗ್ಗಿಸಿದೆಯೆಂದು ಯುಎಫ್‌ಸಿ ವಿರುದ್ಧ ಮಾಜಿ ಸ್ಪರ್ಧಿಗಳೇ ಅಮೆರಿಕದಲ್ಲಿ ಮೊಕದ್ದಮೆ ಹೂಡಿದ್ದರು. 37.5 ಕೋಟಿ ಡಾಲರ್ ಕೊಡುವ ರಾಜಿಗೆ 2025ರಲ್ಲಿ ನ್ಯಾಯಾಲಯ ಒಪ್ಪಿಗೆ ನೀಡಿತು. ಬಾಕ್ಸಿಂಗ್‌ನಲ್ಲೂ ಕೋಟಿ ಕಾಣುವವರು ಬೆರಳೆಣಿಕೆಯಷ್ಟೇ. ಆದ್ದರಿಂದ ಓದು ಬಿಟ್ಟು ರಿಂಗ್ ಹಿಡಿಯುವ ಮಾತೇ ಬೇಡ. ಎರಡೂ ಜೊತೆಯಾಗಿ ಸಾಗಲಿ.

ಸೇರಿಸುವ ಮುನ್ನ ಕೇಳಿ

* ತರಬೇತುದಾರರು ಯಾರಲ್ಲಿ, ಎಷ್ಟು ವರ್ಷ ಕಲಿತವರು? ಸಂಸ್ಥೆಗೆ ಮಾನ್ಯತೆ ಪಡೆದ ರಾಜ್ಯ ಅಥವಾ ರಾಷ್ಟ್ರೀಯ ಸಂಘದ ಜೊತೆ ಸಂಬಂಧವಿದೆಯೆ?

* ಮೊದಲ ತಿಂಗಳುಗಳಲ್ಲಿ ಏನು ಕಲಿಸುತ್ತಾರೆ? ಓಟ, ಸ್ಕಿಪಿಂಗ್, ಕಾಲಿನ ನಡೆ, ಬ್ಯಾಗಿಗೆ ಗುದ್ದುವುದು ಎಂದರೆ ಸರಿ. ಬಂದ ವಾರವೇ ಎದುರಾಳಿಯ ಮುಂದೆ ನಿಲ್ಲಿಸುತ್ತಾರೆಂದರೆ ಹೊರಡಿ.

* ಮಕ್ಕಳನ್ನು ತೂಕ, ವಯಸ್ಸು, ಅನುಭವ ನೋಡಿ ಜೋಡಿ ಮಾಡುತ್ತಾರೆಯೆ?

* ತಲೆಗೆ ಪೆಟ್ಟು ಬಿದ್ದರೆ ಅಂದೇ ಆಟ ನಿಲ್ಲಿಸಿ, ವೈದ್ಯರು ಹೇಳುವವರೆಗೆ ಮತ್ತೆ ಇಳಿಸದಿರುವ ನಿಯಮವಿದೆಯೆ?

* ಪಂದ್ಯದ ದಿನ ರಿಂಗಿನ ಪಕ್ಕ ವೈದ್ಯರು, ಹೊರಗೆ ಆಂಬುಲೆನ್ಸ್ ಇರುತ್ತದೆಯೆ? ‘ಇರುತ್ತೆ ಬಿಡಿ ಸಾರ್’ ಎಂಬ ಉತ್ತರ ಸಾಲದು. ಹೋಗಿ ಕಣ್ಣಾರೆ ನೋಡಿ.

* ತರಗತಿ ನಡೆಯುವಾಗ ಪಾಲಕರು ಕುಳಿತು ನೋಡಬಹುದೆ? ಬೇಡವೆಂದರೆ ಯಾಕೆಂದು ಕೇಳಿ.

ಪಕ್ಕದ ಮನೆಯವರಿಗೆ ನಾನು ಹೇಳಿದ್ದೂ ಇಷ್ಟೇ. ಬಾಕ್ಸಿಂಗ್‌ನ ಜಾಗಕ್ಕೆ ಬೇರೆ ಆಟಗಳು ಬಂದಿವೆ ಎಂಬುದು ಟಿ.ವಿ.ಯ ಮಟ್ಟಿಗೆ ಬಹುಪಾಲು ನಿಜ, ಮೈದಾನದ ಮಟ್ಟಿಗೆ ಅಲ್ಲ. ಯಾವ ಆಟಕ್ಕೆ ಜನ ಹೆಚ್ಚು ಎಂಬುದನ್ನು ವ್ಯಾಪಾರಿಗಳು ಲೆಕ್ಕ ಹಾಕಲಿ. ಮಗನಿಗೆ ಎಂಥ ಗುರು ಸಿಗುತ್ತಾನೆ, ಬಿದ್ದಾಗ ‘ಸಾಕು’ ಎನ್ನುವವರು ಪಕ್ಕದಲ್ಲಿದ್ದಾರೆಯೆ ಎಂಬುದು ಮನೆಯವರ ಲೆಕ್ಕ.

ಮರುದಿನ ಸಂಜೆ ತಾಯಿ, ತಂದೆ, ಮಗ ಮೂವರೂ ಪೋಸ್ಟರಿನ ವಿಳಾಸ ಹುಡುಕಿಕೊಂಡು ಹೊರಟರು. ಮೇಲಿನ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡವರು ತಾಯಿ. ಅಲ್ಲಿ ಆಂಬುಲೆನ್ಸ್ ವಿಚಾರಕ್ಕೆ ಸರಿಯಾದ ಉತ್ತರ ಸಿಗಲಿಲ್ಲವಂತೆ. ಇನ್ನೂ ಎರಡು ಕಡೆ ವಿಚಾರಿಸಿ, ಮೂರನೆಯ ಕಡೆ ವಯಸ್ಸಾದ ತರಬೇತುದಾರರೊಬ್ಬರ ಬಳಿ ಸೇರಿಸಿದ್ದಾರೆ. ಅಲ್ಲಿ ಕಲಿಸುವುದು ಬರೀ ಬಾಕ್ಸಿಂಗ್. ಹುಡುಗ ಈಗ ಬೆಳಿಗ್ಗೆ ಐದೂವರೆಗೆ ಎದ್ದು ಮಹಡಿಯ ಮೇಲೆ ಸ್ಕಿಪಿಂಗ್ ಮಾಡುತ್ತಾನೆ. ‘ಒಂದು ತಿಂಗಳಾಯಿತು, ಇನ್ನೂ ಯಾರಿಗೂ ಒಂದು ಗುದ್ದು ಕೊಟ್ಟಿಲ್ಲ ಅಂಕಲ್’ ಎಂದು ಮೊನ್ನೆ ನನ್ನ ಬಳಿ ಗೊಣಗಿದ.

ಅವರಮ್ಮನಿಗೆ ಆ ಗುರುಗಳ ಮೇಲೆ ನಂಬಿಕೆ ಹುಟ್ಟಿದ್ದೇ ಆ ಕಾರಣಕ್ಕೆ.